ಎತ್ತಿಗೆ ಜ್ವರ, ಪೈಲಟ್‌ಗೆ ಬರೆ

ಸಂಪಾದಕರಿಗೆ ನಮಸ್ಕಾರ.

ಪೈಲಟ್‌ಗಳ ಓವರ್‌ಟೈಮ್ ದುಡ್ಡಿನ ಬಗ್ಗೆ ನಿಮ್ಮ ಪತ್ರಿಕೇಲಿ ಬಂದ ಬರಹ ಓದಿದೆ, ಆಮೇಲೆ ಅದಕ್ಕೆ ಓದುಗರು ಬರೆದ ಪತ್ರಗಳನ್ನೂ ಒಂದೂ ಬಿಡದೆ ಓದಿದೆ. ಹೆಚ್ಚುಕಮ್ಮಿ ಎಲ್ಲರದ್ದೂ ಒಂದೇ ರಾಗ. ಮೊದಲೇ ಕೈತುಂಬ ಸಂಬಳ ಎಣಿಸೋ ಜನ, ರಜೆ ದಿನ ಒಂದು ಫ್ಲೈಟ್ ಓಡಿಸಿಕೊಡಿ ಅಂದ್ರೆ ಒಂದೂವರೆ ಪಟ್ಟು ಕೊಡಿ ಎರಡು ಪಟ್ಟು ಕೊಡಿ ಅಂತ ಕೂರ್ತಾರೆ, ಇದು ಬ್ಲ್ಯಾಕ್‌ಮೇಲ್ ಅಲ್ದೆ ಇನ್ನೇನು ಅಂತ. ನಾನು ಪೈಲಟ್ ಅಲ್ಲ. ಆದ್ರೆ 19 ವರ್ಷ ಒಂದು ಏರ್‌ಲೈನ್‌ನ ಕ್ರೂ ಷೆಡ್ಯೂಲಿಂಗ್ ಡೆಸ್ಕಲ್ಲಿ, ಅಂದ್ರೆ ಯಾವ ಫ್ಲೈಟ್‌ಗೆ ಯಾವ ಪೈಲಟ್ ಅಂತ ಹಾಕೋ ಜಾಗದಲ್ಲಿ ಕೂತು ಇದೇ ಪೈಲಟ್‌ಗಳಿಗೆ ಹೊತ್ತಲ್ಲದ ಹೊತ್ತಲ್ಲಿ ಫೋನ್ ಮಾಡಿ ಬೈಸಿಕೊಂಡವನು ನಾನು, ಆ ಡಬಲ್ ರೇಟನ್ನ ನನ್ನ ಕೈಯಾರೆ ಸಿಸ್ಟಮ್‌ಗೆ ಹಾಕಿದವನು, ಹಾಗಾಗಿ ಇದರಲ್ಲಿ ನನಗೂ ಎರಡು ಮಾತು ಹೇಳೋ ಹಕ್ಕಿದೆ ಅನ್ಕೊಂಡು ಬರೀತಿದೀನಿ. ಉದ್ದ ಆದ್ರೆ ಕತ್ತರಿ ನಿಮ್ಮ ಕೈಲೇ ಇದೆ.

ಮೊದಲು ಒಂದು ಲೆಕ್ಕ ಹೇಳಿಬಿಡ್ತೀನಿ, ಇದು ಗೊತ್ತಾಗದೆ ಮುಂದಿಂದು ಏನೂ ಅರ್ಥ ಆಗಲ್ಲ. ಏರ್‌ಲೈನ್‌ನಲ್ಲಿ ಯಾರೋ ಒಬ್ಬರಿಗೆ ಜ್ವರ ಬರುತ್ತೆ, ಎಲ್ಲೋ ಗುಡುಗು ಮಳೆ ಆಗುತ್ತೆ, ಒಂದು ವಿಮಾನ ಕೆಟ್ಟು ನಿಲ್ಲುತ್ತೆ, ಆಗ ಹಾಕ್ಕೊಳ್ಳೋಕೆ ಅಂತ ಸ್ಟ್ಯಾಂಡ್‌ಬೈ ಪೈಲಟ್‌ಗಳು ಇರ್ತಾರೆ. ಅವರಿಗೆ ಹಾರಲಿ ಬಿಡಲಿ ತಿಂಗಳಿಗೆ ಇಷ್ಟು ಗಂಟೆ ಸಂಬಳ ಅಂತ ಗ್ಯಾರಂಟಿ. 75 ಗಂಟೆ ಅಂತ ಇಟ್ಕೊಳ್ಳಿ. ಆ ತಿಂಗಳು ಆತ ಹಾರಿದ್ದು 30 ಗಂಟೆ ಆದ್ರೆ, ಹಾರಿದ ಒಂದೊಂದು ಗಂಟೆಗೂ ಕಂಪನಿಗೆ ಬಿದ್ದದ್ದು ಎರಡೂವರೆ ಪಟ್ಟು ಸಂಬಳ. ಅದೇ 30 ಗಂಟೇನ ಇನ್ನೊಬ್ಬ ಪೈಲಟ್‌ನ ರಜೆ ದಿನದಲ್ಲಿ ಒಂದೂವರೆ ಪಟ್ಟಿಗೆ ಹಾರಿಸಿಕೊಂಡ್ರೆ? ಎರಡೇ ಪಟ್ಟು ಕೊಟ್ರೂ ಕಂಪನಿಗೆ ಉಳಿತಾಯನೇ. ಇದರ ಮೇಲೆ ಹೊಸಬನ್ನ ತಗೊಂಡ್ರೆ ಟೈಪ್ ರೇಟಿಂಗ್ ಅಂದ್ರೆ ಆ ಮಾದರಿ ವಿಮಾನ ಹಾರಿಸೋ ಅರ್ಹತೆ, ಸಿಮ್ಯುಲೇಟರ್, ಆಮೇಲೆ ಟ್ರೈನಿಂಗ್ ಕ್ಯಾಪ್ಟನ್ ಪಕ್ಕದಲ್ಲಿ ಕೂರಿಸಿ ಲೈನ್ ಟ್ರೈನಿಂಗ್, ಇನ್ಶೂರೆನ್ಸ್, ರಜೆ, ಎಲ್ಲಾ ಖರ್ಚು ಬೇರೆ. ಹಾಗಾಗಿ ಓವರ್‌ಟೈಮ್ ಅಂದ್ರೆ ಪೈಲಟ್‌ಗಳು ಕಂಪನಿ ಕುತ್ತಿಗೆ ಹಿಡಿದು ಕಿತ್ಕೊಳ್ಳೋ ದುಡ್ಡು ಅಂತ ಯಾರಾದ್ರೂ ಹೇಳಿದ್ರೆ ನನಗೆ ನಗು ಬರುತ್ತೆ. ಬಹಳ ಸಲ ಅದು ಫೈನಾನ್ಸ್‌ನೋರು ಎಸಿ ರೂಮಲ್ಲಿ ಕೂತು ಗುಣಿಸಿ ಭಾಗಿಸಿ, ಇದೇ ಅಗ್ಗ ಅಂತ ಆರಿಸಿಕೊಂಡ ದಾರಿ. ಅಗ್ಗ ಅನ್ನೋದು ಎಲ್ಲಾ ಸರಿ ನಡೆಯೋ ತಿಂಗಳಿಗೆ ಮಾತ್ರ, ಅದು ಬೇರೆ ಮಾತು.

ಯಾಕಂದ್ರೆ ಇದಕ್ಕೊಂದು ಮಿತಿ ಇದೆ, ಆ ಮಿತಿನ ದುಡ್ಡು ಕೊಟ್ಟು ದಾಟೋಕಾಗಲ್ಲ. ಅಮೆರಿಕದಲ್ಲೂ ಭಾರತದಲ್ಲೂ ಒಬ್ಬ ಪೈಲಟ್ 28 ದಿನದಲ್ಲಿ 100 ಗಂಟೆ, 365 ದಿನದಲ್ಲಿ 1000 ಗಂಟೆ, ಅದಕ್ಕಿಂತ ಜಾಸ್ತಿ ಹಾರೋ ಹಾಗಿಲ್ಲ. 1000ನ ಹನ್ನೆರಡರಿಂದ ಭಾಗಿಸಿ, ತಿಂಗಳಿಗೆ 83 ಚಿಲ್ಲರೆ. ಮಾಮೂಲಿ ರೋಸ್ಟರಲ್ಲೇ, ಅಂದ್ರೆ ತಿಂಗಳ ಡ್ಯೂಟಿ ಪಟ್ಟೀಲೇ, 78-80 ಹಾರಿಸ್ತಿದ್ರೆ ಓವರ್‌ಟೈಮ್‌ಗೆ ಉಳಿಯೋದು ಎಷ್ಟು? ಬೇಸಿಗೆ ಸೀಸನ್‌ನಲ್ಲಿ ಎಲ್ಲರನ್ನೂ ಹಿಂಡಿ ಹಾರಿಸಿ, ವರ್ಷದ ಕೊನೆಗೆ ಬಂದಾಗ ನನ್ನ ಸ್ಕ್ರೀನ್ ಮೇಲೆ ಅರ್ಧಕ್ಕರ್ಧ ಹೆಸರು ಕೆಂಪು. ಗಂಟೆ ಮುಗಿದಿದೆ. ಆಗ ನೀವು ಹತ್ತು ಪಟ್ಟು ಕೊಡ್ತೀನಿ ಅಂದ್ರೂ ಆತ ಕಾಕ್‌ಪಿಟ್ ಹತ್ತೋ ಹಾಗಿಲ್ಲ.

ಇನ್ನು ಪೈಲಟ್‌ಗಳು ಇದರ ಬಗ್ಗೆ ಏನಂತಾರೆ ಅನ್ನೋದಕ್ಕೆ ಬರೋಣ. ಹೊರಗಡೆಯವರು ಪೈಲಟ್‌ಗಳು ಅಂದ್ರೆ ಎಲ್ಲಾ ಒಂದೇ ಬಾಯಿ ಅನ್ಕೋತಾರೆ, ಇಲ್ಲ ಸ್ವಾಮಿ. ಯಾರು ಮೊದಲು ಸೇರಿದ್ರು ಅನ್ನೋ ಕ್ರಮದ ಸೀನಿಯಾರಿಟಿ ಲಿಸ್ಟ್ ಅಂತ ಒಂದಿದೆಯಲ್ಲ, ಅದರಲ್ಲಿ ಎಲ್ಲಿದೀರಿ ಅನ್ನೋದರ ಮೇಲೆ ಅಭಿಪ್ರಾಯ ಬದಲಾಗುತ್ತೆ. ಕೆಳಗಿರೋ ಫಸ್ಟ್ ಆಫೀಸರ್‌ಗೆ, ಅಂದ್ರೆ ಕೋ-ಪೈಲಟ್‌ಗೆ, ಜನ ತಗೊಳ್ಳಿ, ಇನ್ನೂ ತಗೊಳ್ಳಿ, ದಿನಾ ತಗೊಳ್ಳಿ ಅನ್ನೋದೇ ಮಂತ್ರ, ಯಾಕಂದ್ರೆ ತನ್ನ ಕೆಳಗೆ ಒಬ್ಬೊಬ್ಬ ಸೇರಿದ ಹಾಗೂ ತಾನು ಸ್ಟ್ಯಾಂಡ್‌ಬೈಯಿಂದ ಬಿಡುಗಡೆ ಆಗ್ತಾನೆ, ಮುಂದಿನ ತಿಂಗಳು ಯಾವ ದಿನ ಮನೇಲಿರ್ತೀನಿ ಅಂತ ಹೆಂಡತಿಗೆ ಹೇಳೋ ಯೋಗ ಬರುತ್ತೆ, ಕ್ಯಾಪ್ಟನ್ ಆಗೋದೂ ಹತ್ತಿರ ಆಗುತ್ತೆ. ಮೇಲಿರೋ ಕ್ಯಾಪ್ಟನ್‌ಗೆ ಜನ ಕಮ್ಮಿ ಇದ್ರೇ ಸ್ವಲ್ಪ ಖುಷಿ. ಬಾಯಿಬಿಟ್ಟು ಹೇಳಲ್ಲ. ಮಾಮೂಲಿ ರೋಸ್ಟರ್ ಹಗುರ ಮಾಡ್ಕೊಂಡು, ಖಾಲಿ ಇಟ್ಟ ದಿನಗಳಲ್ಲಿ ಪ್ರೀಮಿಯಂ, ಅಂದ್ರೆ ಹೆಚ್ಚಿನ ರೇಟಿನ, ಟ್ರಿಪ್ ಬೀಳೋದನ್ನೇ ಕಾಯೋರು ನಮ್ಮಲ್ಲಿ ಇದ್ರು, ಕೆಲವರ ಮನೆ ಸಾಲದ ಕಂತು ನಿಂತಿದ್ದೇ ಆ ಲೆಕ್ಕದ ಮೇಲೆ. ಮಧ್ಯದಲ್ಲಿರೋರದ್ದು ಮೂರನೇ ಕಥೆ, ಅವರಿಗೆ ದುಡ್ಡೂ ಬೇಡ ಹೊಸಬರೂ ಬೇಡ, ರಜೆ ದಿನ ಫೋನ್ ಬರದೇ ಇದ್ರೆ ಸಾಕು.

ನಾನಿಲ್ಲಿ ಪೈಲಟ್‌ಗಳ ವಕಾಲತ್ತು ಮಾಡ್ತಿದೀನಿ ಅನ್ಕೋಬೇಡಿ. ಆಟ ಆಡೋರನ್ನೂ ನೋಡಿದೀನಿ. ಸಂಜೆ ನಾಲ್ಕಕ್ಕೆ ಫೋನ್ ಮಾಡಿದ್ರೆ ಎತ್ತಲ್ಲ, ಏಳಕ್ಕೆ ಮಾಡಿದ್ರೂ ಇಲ್ಲ, ಒಂಬತ್ತಕ್ಕೆ ಫ್ಲೈಟ್ ಕ್ಯಾನ್ಸಲ್ ಆಗೋ ಹಂತಕ್ಕೆ ಬಂದು ಕಂಪನಿ ರೇಟ್ ಏರಿಸಿದ ತಕ್ಷಣ ತಾನೇ ಫೋನ್ ಮಾಡಿ "ಏನೋ ಟ್ರೈ ಮಾಡ್ತಿದ್ರಂತೆ ಸಾರ್" ಅನ್ನೋ ಮಹಾನುಭಾವರು. ಆದ್ರೆ ಆಟ ಒಂದೇ ಕಡೆಯಿಂದ ಅಲ್ಲ. ಅವಸರದಲ್ಲಿ ಸೀನಿಯಾರಿಟಿ ಸಾಲು ಬಿಟ್ಟು ಕೆಳಗಿನವನಿಗೆ ಟ್ರಿಪ್ ಕೊಟ್ರೆ, ಮೇಲಿನವನು ಮನೇಲಿದ್ರೂ ಅವನಿಗೂ ದುಡ್ಡು ಕೊಡಬೇಕು ಅನ್ನೋ ಕರಾರು ನಮ್ಮಲ್ಲಿತ್ತು, ಅದು ಗೊತ್ತಿದ್ದೂ ಮ್ಯಾನೇಜರ್‌ಗಳು "ಈಗ ಹಾಕ್ರೀ, ಆಮೇಲೆ ನೋಡ್ಕೊಳ್ಳೋಣ" ಅಂತ ಹಾಕಿಸ್ತಿದ್ರು. ಒಂದು ಫ್ಲೈಟ್‌ಗೆ ಇಬ್ಬರಿಗೆ ಪ್ರೀಮಿಯಂ. ಹೊಸ ಪೈಲಟ್‌ಗಳನ್ನ ತಗೊಳ್ಳೋಕೆ ಬಜೆಟ್ ಇಲ್ಲ ಅಂದಿದ್ದೂ ಇದೇ ಆಫೀಸು.

ಒಂದು ರಾತ್ರಿ ಮಾತ್ರ ನನಗೆ ಮರೆಯೋಕಾಗಲ್ಲ. ರಜೆ ಸೀಸನ್, ಸಂಜೆಯಿಂದ ಹವಾಮಾನ ಕೆಟ್ಟು ವಿಮಾನಗಳೆಲ್ಲ ಎಲ್ಲೆಲ್ಲೋ ಇಳಿದಿವೆ, ಒಬ್ಬೊಬ್ಬರದೇ ಡ್ಯೂಟಿ ಟೈಮ್ ಮುಗೀತಾ ಬಂತು, ಸ್ಟ್ಯಾಂಡ್‌ಬೈ ಲಿಸ್ಟು ಎಂಟು ಗಂಟೆಗೇ ಖಾಲಿ. ಬೆಳಗ್ಗೆ ಐದೂಮುಕ್ಕಾಲರ ಫ್ಲೈಟ್‌ಗೆ ಫಸ್ಟ್ ಆಫೀಸರ್ ಬೇಕು. ಇಪ್ಪತ್ತಮೂರು ಜನಕ್ಕೆ ಫೋನ್ ಮಾಡಿದೆ, ಒಬ್ಬರ ಮನೆಯವರು ಎತ್ತಿ "ಅವರು ಮಲಗಿದಾರೆ, ನಾನು ಎಬ್ಬಿಸಲ್ಲ" ಅಂತ ಇಟ್ಟೇಬಿಟ್ರು. ಇಪ್ಪತ್ತನಾಲ್ಕನೆಯವನು ಚಿಕ್ಕ ಹುಡುಗ, ಟ್ರೈನಿಂಗ್ ಸಾಲ ತೀರಿಸ್ತಾ ಇದ್ದವನು, ಎರಡು ಪಟ್ಟು ಅಂದ ತಕ್ಷಣ ಅವನ ಧ್ವನಿ ಬದಲಾಯ್ತು, ಕೇಳಿದವನಿಗೆ ಗೊತ್ತಾಗುತ್ತೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ "ಸಾರ್, ದುಡ್ಡು ಬೇಕು ನನಗೆ, ಆದ್ರೆ ಮಗು ಎರಡು ರಾತ್ರಿಯಿಂದ ಮಲಗಿಲ್ಲ, ನಾನೂ ಮಲಗಿಲ್ಲ, ಕಾಗದದ ಮೇಲೆ ನನ್ನ ರೆಸ್ಟ್ ಸರಿ ಇದೆ, ಆದ್ರೆ ನಾನು ಸರಿ ಇಲ್ಲ" ಅಂದ. ನಾನು ಲಭ್ಯ ಇಲ್ಲ ಅಂತ ಬರೆದು ಫೋನ್ ಇಟ್ಟೆ. ಫ್ಲೈಟ್ ಕ್ಯಾನ್ಸಲ್ ಆಯ್ತು, ಕೌಂಟರ್‌ನಲ್ಲಿದ್ದ ನಮ್ಮ ಹುಡುಗೀರು ಜನರ ಕೈಲಿ ಬೈಸಿಕೊಂಡ್ರು. ಮಾರನೇ ದಿನ ಮೀಟಿಂಗಲ್ಲಿ ಕೇಳಿದ ಪ್ರಶ್ನೆ ಏನು ಗೊತ್ತಾ, ರೆಸ್ಟ್ ಸರಿ ಇದ್ದವನು ಯಾಕೆ ಬರಲಿಲ್ಲ ಅಂತ. ಎಂಟು ಗಂಟೆಗೇ ಸ್ಟ್ಯಾಂಡ್‌ಬೈ ಲಿಸ್ಟ್ ಯಾಕೆ ಖಾಲಿ ಆಯ್ತು ಅಂತ ಒಬ್ಬರೂ ಕೇಳಲಿಲ್ಲ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ, ನಾನು ಅದನ್ನ ಕಣ್ಣಾರೆ ಕಂಡಿದ್ದು ಅವತ್ತು.

ಆ ಹುಡುಗ ಹೇಳಿದ್ದು ಎಷ್ಟು ಸರಿ ಅಂತ ತಿಳೀಬೇಕಾದ್ರೆ 2009ರ ಫೆಬ್ರವರಿ 12 ನೆನಪು ಮಾಡ್ಕೋಬೇಕು. ಅಮೆರಿಕದ ಬಫಲೋ ಹತ್ತಿರ ಕೋಲ್ಗನ್ ಏರ್ 3407 ಬಿದ್ದು 50 ಜನ ಸತ್ರು. ವೇಗ ಕಮ್ಮಿ ಆಗಿ ರೆಕ್ಕೆ ವಿಮಾನನ ಎತ್ತಿ ಹಿಡಿಯೋದು ನಿಲ್ಲುತ್ತೆ ಅನ್ನೋ ಸ್ಟಾಲ್ ಎಚ್ಚರಿಕೆ ಬಂದಾಗ, ಮಾಡಬೇಕಾದ್ದರ ಉಲ್ಟಾ ಕ್ಯಾಪ್ಟನ್ ಮಾಡಿದ್ದೇ ಮುಖ್ಯ ಕಾರಣ ಅಂತ ತನಿಖೆ ಹೇಳಿತು, ಆದ್ರೆ ಜೊತೆಗೆ ಹೊರಗೆ ಬಂದ ಇನ್ನೊಂದು ವಿಷಯ, ಫಸ್ಟ್ ಆಫೀಸರ್ ಹಿಂದಿನ ರಾತ್ರಿಯೆಲ್ಲ ಸಿಯಾಟಲ್ ಕಡೆಯಿಂದ ಪ್ರಯಾಣ ಮಾಡಿ ಆ ಫ್ಲೈಟ್ ಹೊರಡೋ ನ್ಯೂವಾರ್ಕ್‌ಗೆ ಬಂದಿದ್ರು, ಕ್ಯಾಪ್ಟನ್ ಮಲಗಿದ್ದು ಏರ್‌ಪೋರ್ಟಿನ ಕ್ರೂ ರೂಮಲ್ಲಿ. ಅದಾದ ಮೇಲೆ ಅಲ್ಲಿ ವಿಶ್ರಾಂತಿ ನಿಯಮ ಬಿಗಿ ಮಾಡಿದ್ರು, 2014ರ ಜನವರಿಯಿಂದ ಡ್ಯೂಟಿಗೆ ಮುಂಚೆ 10 ಗಂಟೆ ವಿಶ್ರಾಂತಿ, ಅದರಲ್ಲಿ 8 ಗಂಟೆ ಮಲಗೋಕೆ ಅವಕಾಶ ಇರಲೇಬೇಕು, ನಾನು ಫಿಟ್ ಇದೀನಿ ಅಂತ ಪೈಲಟ್ ತಾನೇ ಒಪ್ಪಿಕೊಂಡರೆ ಮಾತ್ರ ಹಾರೋದು. 2013ರಿಂದ ಫಸ್ಟ್ ಆಫೀಸರ್ ಆಗೋಕೂ ಸಾಮಾನ್ಯವಾಗಿ 1500 ಗಂಟೆ ಹಾರಾಟದ ಅನುಭವ ಬೇಕು ಅಂತ ಮಾಡಿದ್ರು. ಈ 1500ರ ಮೇಲೆ ಇವತ್ತಿಗೂ ಜಗಳ ನಿಂತಿಲ್ಲ. ಇದರಿಂದ ಪೈಲಟ್ ಸಿಗ್ತಿಲ್ಲ ಅಂತ ಸಣ್ಣ ಏರ್‌ಲೈನ್‌ಗಳು, ಪೈಲಟ್ ಇದಾರೆ ನೀವು ಕೊಡೋ ಸಂಬಳಕ್ಕೆ ಬರೋರಿಲ್ಲ ಅಷ್ಟೇ ಅಂತ ಪೈಲಟ್ ಸಂಘ. ನನಗೆ ಸಂಘದ ಮಾತೇ ಹತ್ತಿರ ಅನ್ಸುತ್ತೆ.

ಓವರ್‌ಟೈಮ್ ಮೇಲೆ ನಿಂತ ಏರ್‌ಲೈನ್ ಹೇಗೆ ಕುಸಿಯುತ್ತೆ ಅನ್ನೋದಕ್ಕೆ ಹಳೇ ಉದಾಹರಣೆ ಬೇಕಾದ್ರೆ 2000ದ ಬೇಸಿಗೆ. ಅಮೆರಿಕದ ಯುನೈಟೆಡ್ ಏರ್‌ಲೈನ್ಸ್ ಪೈಲಟ್‌ಗಳು ಹೊಸ ಒಪ್ಪಂದದ ಮಾತುಕತೆ ಎಳೀತಿದೆ ಅಂತ ಓವರ್‌ಟೈಮ್‌ಗೆ ಒಲ್ಲೆ ಅಂದ್ರು ಅಷ್ಟೇ, ಸ್ಟ್ರೈಕ್ ಏನೂ ಇಲ್ಲ, ಫ್ಲೈಟ್‌ಗಳು ಸಾವಿರಗಟ್ಟಲೆ ರದ್ದಾದವು, ಆಗಸ್ಟ್ ಕೊನೆಗೆ ಒಪ್ಪಂದ ಆಯ್ತು. ಯೋಚನೆ ಮಾಡಿ, ರಜೆ ದಿನ ಮನೇಲಿರ್ತೀನಿ ಅನ್ನೋದು ಅಸ್ತ್ರ ಆಗೋದು ಯಾವಾಗ? ನಿಮ್ಮ ಟೈಮ್‌ಟೇಬಲ್ ಇನ್ನೊಬ್ಬರ ರಜೆ ದಿನದ ಮೇಲೆ ನಿಂತಾಗ ಮಾತ್ರ. ಆ ಚಳಿಗಾಲದಲ್ಲೇ ಅಲ್ಲಿನ ಡೆಲ್ಟಾ ಏರ್‌ಲೈನ್ಸಲ್ಲೂ ಇದೇ ಆಗಿ ಕಂಪನಿ ಕೋರ್ಟಿಗೆ ಹೋಯ್ತು, ಪೈಲಟ್‌ಗಳು ಒಟ್ಟಾಗಿ ಓವರ್‌ಟೈಮ್ ಬೇಡ ಅನ್ನೋ ಹಾಗಿಲ್ಲ ಅಂತ 2001ರ ಜನವರಿಯಲ್ಲಿ ಮೇಲಿನ ಕೋರ್ಟ್ ಕಂಪನಿ ಪರ ಹೇಳಿತು. ಐಚ್ಛಿಕ ಅಂತ ಹೆಸರಿರೋ ಕೆಲಸ ಬೇಡ ಅಂದ್ರೂ ಕೋರ್ಟು.

ಆಮೇಲೆ 2017. ರಯನ್‌ಏರ್ ಅನ್ನೋ ಯುರೋಪಿನ ಕಂಪನಿ ಪೈಲಟ್‌ಗಳ ರಜೆ ಲೆಕ್ಕ ತಪ್ಪಿ, ಸೆಪ್ಟೆಂಬರಲ್ಲಿ ಆರು ವಾರಕ್ಕೆ ಎರಡು ಸಾವಿರ ಚಿಲ್ಲರೆ ಫ್ಲೈಟ್ ರದ್ದು ಮಾಡ್ತು, ಅದು ಸಾಲದೆ ಚಳಿಗಾಲದ್ದು ಇನ್ನೂ 18,000. ರಜೆ ಬಿಟ್ಟು ಬನ್ನಿ ಅಂತ ಕ್ಯಾಪ್ಟನ್‌ಗಳಿಗೆ 12,000 ಪೌಂಡ್ ತನಕ ಬೋನಸ್ ತೋರಿಸಿದ್ರು. ಎಷ್ಟೋ ಬೇಸ್‌ಗಳ, ಅಂದ್ರೆ ಕಂಪನಿ ಪೈಲಟ್‌ಗಳನ್ನ ಇಟ್ಟಿರೋ ಊರುಗಳ, ಪೈಲಟ್‌ಗಳು ಬೇಡ ಅಂದ್ರು ನೋಡಿ! ನಮಗೆ ಬೋನಸ್ ಅಲ್ಲ ಸರಿಯಾದ ಕರಾರು ಕೊಡಿ, ನಮ್ಮ ಸಂಘದ ಜೊತೆ ಮಾತಾಡಿ ಅಂತ ಪಟ್ಟು ಹಿಡಿದ್ರು, ಅಲ್ಲೀತನಕ ಸಂಘ ಅಂದ್ರೆ ಉರಿದು ಬೀಳ್ತಿದ್ದ ಕಂಪನಿ ಡಿಸೆಂಬರಲ್ಲಿ ಮಾತುಕತೆಗೆ ಒಪ್ಕೊಂಡಿತು. ದುಡ್ಡಿನಾಸೆ ಜನ ಅನ್ನೋರು ಇದನ್ನ ಎಲ್ಲಿ ಸೇರಿಸ್ತಾರೋ ಗೊತ್ತಿಲ್ಲ. ಅದೇ ವರ್ಷ ಅಮೆರಿಕನ್ ಏರ್‌ಲೈನ್ಸ್‌ನಲ್ಲಿ ಇನ್ನೂ ತಮಾಷೆ, ಕಂಪ್ಯೂಟರ್ ತಪ್ಪಿಂದ ಡಿಸೆಂಬರ್ ರಜೆ ಬೇಕಾದ್ದಕ್ಕಿಂತ ಜಾಸ್ತಿ ಜನಕ್ಕೆ ಸಿಕ್ಕಿ ಸಾವಿರಾರು ಫ್ಲೈಟ್‌ಗೆ ಪೈಲಟ್ಟೇ ಇಲ್ಲ. ಕಂಪನಿ ಒಂದೂವರೆ ಪಟ್ಟು ಅಂತು, ನಮ್ಮನ್ನ ಕೇಳದೆ ನೀವೇ ಹೇಗೆ ರೇಟ್ ನಿಗದಿ ಮಾಡಿದ್ರಿ ಅಂತ ಸಂಘ ತಕರಾರು ತೆಗೀತು, ಕೊನೆಗೆ ಎರಡು ಪಟ್ಟಿಗೆ ರಾಜಿ. ಇದು ಪೈಲಟ್ ಮಾಡಿದ ತಪ್ಪಾ?

ಕೋವಿಡ್ ಬಂದ ಮೇಲಂತೂ ಬಾಯಾರಿದಾಗ ಬಾವಿ ತೋಡೋ ಕೆಲಸ ಎಲ್ಲಾ ಕಡೆ ನಡೀತು. 2020ರಲ್ಲಿ ದೊಡ್ಡ ದೊಡ್ಡ ಏರ್‌ಲೈನ್‌ಗಳು ಸೀನಿಯರ್ ಪೈಲಟ್‌ಗಳಿಗೆ ದುಡ್ಡು ಕೊಟ್ಟು ಬೇಗ ನಿವೃತ್ತಿ ಮಾಡಿಸಿ ಕಳಿಸಿದ್ವು, ಎರಡೇ ವರ್ಷಕ್ಕೆ ಪ್ರಯಾಣಿಕರು ಮುಗಿಬಿದ್ದು ವಾಪಸ್ ಬಂದ್ರು, ಟಿಕೆಟ್ ಮಾರೋದು ಒಂದು ಕ್ಲಿಕ್ ಕೆಲಸ ಆದ್ರೆ ಪೈಲಟ್‌ನ ತಯಾರು ಮಾಡೋದು ಹಾಗಲ್ವಲ್ಲ. ಒಬ್ಬ ದೊಡ್ಡ ವಿಮಾನದ ಕ್ಯಾಪ್ಟನ್ ಹೋದ್ರೆ ಆ ಸೀಟಿಗೆ ಸಣ್ಣ ವಿಮಾನದವನು, ಅವನ ಸೀಟಿಗೆ ಫಸ್ಟ್ ಆಫೀಸರ್, ಅವನ ಜಾಗಕ್ಕೆ ಹೊಸಬ, ಒಂದು ಜಾಗ ಖಾಲಿ ಆದ್ರೆ ಮೂರು ನಾಲ್ಕು ಜನಕ್ಕೆ ತಿಂಗಳುಗಟ್ಟಲೆ ಟ್ರೈನಿಂಗ್, ಟ್ರೈನಿಂಗಲ್ಲಿ ಇರೋವಷ್ಟು ದಿನ ಅವರು ಹಾರೋಕೂ ಸಿಗಲ್ಲ. 2022ರ ಜೂನಲ್ಲಿ ಡೆಲ್ಟಾ ಪೈಲಟ್‌ಗಳು ಪ್ರಯಾಣಿಕರಿಗೇ ಒಂದು ಬಹಿರಂಗ ಪತ್ರ ಬರೆದ್ರು, ಹೀಗೇ ಹೋದ್ರೆ 2018 ಮತ್ತು 2019 ಎರಡೂ ವರ್ಷ ಸೇರಿಸಿ ಮಾಡಿದ್ದಕ್ಕಿಂತ ಜಾಸ್ತಿ ಓವರ್‌ಟೈಮ್ ಈ ಒಂದೇ ವರ್ಷ ಮಾಡಿರ್ತೀವಿ, ನಮ್ಮ ಟೈಮ್‌ಟೇಬಲ್‌ಗೆ ಬೇಕಾದಷ್ಟು ಜನ ಇಲ್ಲ ಅಂತ. ಗಮನಿಸಿ, ದುಡ್ಡು ಎಣಿಸ್ತಾ ಇದ್ದ ಜನನೇ ಹೀಗೆ ಸಾಕು ಅಂದಿದ್ದು. 2023ರ ಮಾರ್ಚಲ್ಲಿ ಅವರಿಗೆ ನಾಲ್ಕು ವರ್ಷಕ್ಕೆ ಒಟ್ಟು ಶೇ 34 ಸಂಬಳ ಏರಿಕೆ ಸಿಕ್ಕಿತು.

ಕಂಪನಿ ಕಡೆ ನ್ಯಾಯನೂ ಹೇಳಬೇಕು. ಜನ ತಗೊಂಡು ಕೂರಿಸ್ಕೊಂಡ್ರೆ ವಿಮಾನ ಬರಬೇಕಲ್ಲ. 2024ರಲ್ಲಿ ಬೋಯಿಂಗ್ ವಿಮಾನ ಕೊಡೋದು ತಡ ಮಾಡಿದ್ದಕ್ಕೆ ಯುನೈಟೆಡ್ ಹೊಸ ನೇಮಕ ನಿಲ್ಲಿಸಿ, ಇರೋ ಪೈಲಟ್‌ಗಳನ್ನೇ ಇಷ್ಟ ಇದ್ದೋರು ಸಂಬಳ ಇಲ್ಲದೆ ರಜೆ ಹಾಕಿ ಅಂತ ಕೇಳ್ತು. ಅದಕ್ಕೆ ಎರಡು ವರ್ಷ ಹಿಂದೆ ಇಡೀ ಅಮೆರಿಕದಲ್ಲಿ ಪೈಲಟ್ ಬೇಕು ಪೈಲಟ್ ಬೇಕು ಅಂತ ಕೂಗ್ತಿದ್ರು, ಆಮೇಲೆ ನೋಡಿದ್ರೆ ಇದು. ಹಾಗೇ ಎಲ್ಲಾ ರದ್ದತಿಗೂ ಜನ ಕಮ್ಮಿ ಇರೋದೇ ಕಾರಣ ಅಂತನೂ ಅಲ್ಲ, 2022ರ ಡಿಸೆಂಬರಲ್ಲಿ ಅಮೆರಿಕದ ಸೌತ್‌ವೆಸ್ಟ್ ಏರ್‌ಲೈನ್ಸ್ ಸುಮಾರು 17,000 ಫ್ಲೈಟ್ ರದ್ದು ಮಾಡಿದಾಗ ಪೈಲಟ್‌ಗಳು ಇದ್ರು, ಯಾವ ಪೈಲಟ್ ಯಾವ ಊರಲ್ಲಿದಾನೆ ಅಂತ ಹಳೇ ಸಾಫ್ಟ್‌ವೇರ್‌ಗೇ ಗೊತ್ತಿರಲಿಲ್ಲ, ಪೈಲಟ್‌ಗಳು ನಾವಿಲ್ಲಿದೀವಿ ಅಂತ ಹೇಳೋಕೆ ಗಂಟೆಗಟ್ಟಲೆ ಫೋನ್ ಹಿಡ್ಕೊಂಡು ಕಾದ್ರು. ಆ ಡೆಸ್ಕಲ್ಲಿದ್ದವರನ್ನ ನೆನೆಸ್ಕೊಂಡ್ರೆ ನನಗೆ ಈಗಲೂ ಹೊಟ್ಟೆ ಕಿವುಚುತ್ತೆ.

ಆದ್ರೆ ಭಾರತದಲ್ಲಿ 2025ರ ಡಿಸೆಂಬರಲ್ಲಿ ಇಂಡಿಗೋದಲ್ಲಿ ಆಗಿದ್ದಕ್ಕೆ ಅಂಥ ನೆಪ ಸಿಗಲ್ಲ. ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಬೇಕು, ರಾತ್ರಿ ಲ್ಯಾಂಡಿಂಗ್ 6ರಿಂದ 2ಕ್ಕೆ ಇಳೀಬೇಕು ಅಂತ ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎ ಹೇಳಿದ್ದು 2024ರ ಜನವರಿಯಲ್ಲಿ. ಜಾರಿ ಆಗಿದ್ದು ಎರಡು ಕಂತಲ್ಲಿ, 2025ರ ಜುಲೈ ಮತ್ತು ನವೆಂಬರಲ್ಲಿ. ಹತ್ತಿರ ಹತ್ತಿರ ಎರಡು ವರ್ಷ ಟೈಮ್. ಅಷ್ಟಾದ್ರೂ ಡಿಸೆಂಬರ್ 5ರ ಒಂದೇ ದಿನ ಸಾವಿರಕ್ಕೂ ಹೆಚ್ಚು ಫ್ಲೈಟ್ ರದ್ದು, ಅಂದಾಜು ತಪ್ಪಿತು ಪ್ಲ್ಯಾನಿಂಗ್ ಸಾಲಲಿಲ್ಲ ಅಂತ ಕಂಪನಿನೇ ಒಪ್ಕೊಂಡಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ, ಇಲ್ಲಿ ಹಾಸಿಗೆ ಚಿಕ್ಕದಾಗುತ್ತೆ ಅಂತ ಮೊದಲೇ ಹೇಳಿದ್ರೂ ಕಾಲು ಚಾಚಿದ್ರು. ಪರಿಹಾರ ಏನು ಸಿಕ್ತು? ಆ ಏರ್‌ಲೈನ್‌ಗೆ ರಾತ್ರಿ ಡ್ಯೂಟಿ ನಿಯಮದಿಂದ ಕೆಲವು ವಾರ ವಿನಾಯಿತಿ. ಪೈಲಟ್ ಸಂಘಗಳು ಇದಕ್ಕೆ ಆಕ್ಷೇಪ ಎತ್ತಿದ್ವು, ಎತ್ತಲೇಬೇಕಿತ್ತು, ಯಾಕಂದ್ರೆ ಜನ ತಗೊಳ್ಳದೆ ಇದ್ದವರಿಗೆ ಸಡಿಲಿಕೆ ಸಿಗುತ್ತೆ ಅಂದ್ರೆ ಮುಂದಿನ ಸಲ ಯಾರು ತಗೋತಾರೆ?

ಪೈಲಟ್‌ಗಳ ಮೇಲೆ ನನಗಿರೋ ಒಂದೇ ನಿಜವಾದ ತಕರಾರು ಹೇಳಿ ಮುಗಿಸ್ತೀನಿ. ಒಪ್ಪಂದದ ಮಾತುಕತೆ ಬಂದಾಗ ಸ್ಟ್ಯಾಂಡ್‌ಬೈ ಇಷ್ಟು ಪರ್ಸೆಂಟ್ ಇರಲೇಬೇಕು ಅಂತ ಬರೆಸೋಕೆ ಜಗಳ ಆಡೋದಕ್ಕಿಂತ, ಪ್ರೀಮಿಯಂ ರೇಟ್ ಒಂದೂವರೆನಾ ಎರಡಾ ಅನ್ನೋದಕ್ಕೆ ಜೋರಾಗಿ ಜಗಳ ಆಡೋರೇ ನಮ್ಮಲ್ಲಿ ಜಾಸ್ತಿ ಇದ್ರು. ಕಂಪನಿಗೂ ಅದೇ ಸಲೀಸು. ಹೀಗೆ ಎರಡೂ ಕಡೆಗೂ ಓವರ್‌ಟೈಮ್ ಒಂದು ಚಟ ಆಗಿ, ಲಿಸ್ಟಿನ ತಳದಲ್ಲಿರೋ ಹುಡುಗನೂ ಕೌಂಟರ್ ಮುಂದೆ ಬ್ಯಾಗ್ ಹಿಡ್ಕೊಂಡು ನಿಂತ ಪ್ರಯಾಣಿಕನೂ ಗಂಡ ಹೆಂಡಿರ ಜಗಳದ ಕೂಸಾಗ್ತಾರೆ. ಇದನ್ನ ನಾನು ಒಬ್ಬ ಹಿರಿಯ ಕ್ಯಾಪ್ಟನ್‌ಗೆ ಹೇಳಿದ್ದೆ ಒಂದ್ಸಲ. ಅವರು ನಕ್ಕು, "ರೇಟ್ ಜಾಸ್ತಿ ಮಾಡಿದ್ರೆ ತಾನೇ ನಿಮ್ಮವರಿಗೆ ಜನ ತಗೊಳ್ಳೋ ಬುದ್ಧಿ ಬರೋದು" ಅಂದ್ರು. ಮಾತು ಸರಿನೇ. ಆದ್ರೆ ಅವರು ರಿಟೈರ್ ಆಗೋ ತನಕ ಆ ಬುದ್ಧಿ ಬಂದಿರಲಿಲ್ಲ.

ಹಾಗಾಗಿ ನಿಮ್ಮ ವರದಿಗಾರರಿಗೊಂದು ವಿನಂತಿ. ಮುಂದಿನ ಸಲ ಯಾವುದಾದ್ರೂ ಏರ್‌ಲೈನ್ ಸಿಬ್ಬಂದಿ ಕೊರತೆ ಅಂತ ಹೇಳಿಕೆ ಕೊಟ್ಟಾಗ ಅದನ್ನ ಹಾಗೇ ಪ್ರಿಂಟ್ ಮಾಡಬೇಡಿ. ಒಂದು ವಿಮಾನಕ್ಕೆ ಎಷ್ಟು ಜೋಡಿ ಪೈಲಟ್ ಇಟ್ಟಿದೀರಿ, ಹೋದ ತಿಂಗಳ ಹಾರಾಟದಲ್ಲಿ ಎಷ್ಟು ಭಾಗ ಓವರ್‌ಟೈಮಲ್ಲಿ ಹಾರಿಸಿದ್ರಿ, ಸ್ಟ್ಯಾಂಡ್‌ಬೈ ಲಿಸ್ಟ್ ಖಾಲಿ ಆದ ದಿನ ಎಷ್ಟು, ಇದನ್ನ ಕೇಳಲಿ. ಆ ಮೂರೂ ಅಂಕಿ ಡೆಸ್ಕಲ್ಲಿ ಕೂತವರ ಸ್ಕ್ರೀನ್ ಮೇಲೇ ಇರುತ್ತೆ, ಹುಡುಕೋಕೆ ಐದು ನಿಮಿಷ ಬೇಡ.

– ನಿವೃತ್ತ ಕ್ರೂ ಷೆಡ್ಯೂಲರ್ ಒಬ್ಬರು